ಹರಪನಹಳ್ಳಿಯ ಸಣ್ಣ ಕುರ್ಚಿಗಳು

ಹಡಗಲಿಗೆ ಹೊರಟ ಬಸ್ಸಿನಲ್ಲಿ ನನ್ನ ಕಾಲ ಬಳಿ ಬುಟ್ಟಿ ಇಟ್ಟ ಹೆಂಗಸು, ಮಲ್ಲಿಗೆಯನ್ನೆಲ್ಲ ಬೆಳಿಗ್ಗೆಯೇ ನಮ್ಮ ಹಗರಿಬೊಮ್ಮನಹಳ್ಳಿಯಲ್ಲಿ ಮಾರಿ ಊರಿಗೆ ಮರಳುತ್ತಿದ್ದಳು. ಬುಟ್ಟಿಯಲ್ಲಿ ಒಂದು ಒದ್ದೆ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ಊರು ದಾಟುವಷ್ಟರಲ್ಲಿ ಹೂವಿನ ಹೊಲವೊಂದು ಕಿಟಕಿಯಿಂದ ಒಳಗೆ ಬಂದಂತಾಯಿತು. ನೀವಾಗಿದ್ದರೆ ಕಣ್ಣು ಮುಚ್ಚಿ ಸುಖಪಡುತ್ತಿದ್ದಿರಿ. ಕಣ್ಣು ನಾನೂ ಮುಚ್ಚಿದೆ. ನನಗೆ ಕಂಡದ್ದು ಮಾತ್ರ ನನ್ನದೇ ಹಳೆಯ ಮುಖ.

ಕುಡಿಯುತ್ತಿದ್ದ ಹನ್ನೆರಡು ವರ್ಷದಲ್ಲಿ ಬಹುಪಾಲು ನಾನು ಮನೆಗೆ ಹೂ ಒಯ್ದವನು. ಬಾಯಿಯ ವಾಸನೆಯನ್ನು ಮಲ್ಲಿಗೆ ಮುಚ್ಚುತ್ತದೆಂದು ನನ್ನ ಲೆಕ್ಕ. ಗಣಿತದ ಮೇಷ್ಟ್ರಾಗಿದ್ದೂ ಆ ಲೆಕ್ಕ ಒಂದು ದಿನವೂ ತಾಳೆಯಾಗಲಿಲ್ಲ. ಓಣಿಯ ಹೆಂಗಸರು ಮಾತ್ರ, "ಮೇಷ್ಟ್ರಿಗೆ ಹೆಂಡ್ತಿ ಮ್ಯಾಲ ಎಷ್ಟು ಜೀವ ನೋಡವ್ವ" ಎಂದು ತಮ್ಮ ಗಂಡಂದಿರನ್ನು ಚುಚ್ಚುತ್ತಿದ್ದರಂತೆ. ಒಂದು ಸಂಜೆ ನನ್ನ ಹೆಂಡತಿ ಪಾರ್ವತಿ ಹೂವಿನ ದಂಡೆಯನ್ನು ಮುಡಿಯದೆ ಕೈಯಲ್ಲೇ ಹಿಡಿದು ಹೇಳಿದಳು: "ಇನ್ನ ಹೂ ತರಬ್ಯಾಡ್ರಿ. ಹೂ ಕಂಡ್ರ ನನಗ ಎದಿ ಡಬಡಬ ಅಂತೈತಿ."

ಆಗಲೂ ಕುಡಿತ ಬಿಡಲಿಲ್ಲ. ಹೂ ಬಿಟ್ಟೆ, ಅಷ್ಟೆ.

ಶಾಲೆಯಲ್ಲಿ ನನಗೊಂದು ಸಣ್ಣ ಕೀರ್ತಿಯಿತ್ತು. ಕೈವಾರವಿಲ್ಲದೆ, ಒಂದೇ ಬೀಸಿನಲ್ಲಿ, ಹಲಗೆಯ ಮೇಲೆ ವೃತ್ತ ಎಳೆಯುತ್ತಿದ್ದೆ. ಹೊರಟ ಗೆರೆ ಹೊರಟಲ್ಲಿಗೇ ಬಂದು ಕೂಡುವಾಗ ಮಕ್ಕಳಿಗಿಂತ ನನಗೇ ಹೆಚ್ಚು ಬೆರಗು. ಒಂದು ಬೆಳಿಗ್ಗೆ ಆ ಗೆರೆಯ ಎರಡು ತುದಿಗಳು ಗೇಣು ದೂರ ನಿಂತವು. ಒರೆಸಿ ಮತ್ತೆ ಎಳೆದೆ. ಕೈ ಜೋಳದ ಗರಿಯಂತೆ ನಡುಗುತ್ತಿತ್ತು. ಮುಂದಿನ ಬೆಂಚಿನ ಶಬಾನಾ ಎದ್ದು ಬಂದು, "ಕೊಡ್ರಿ ಸಾರ್, ನಾ ಮುಗಸ್ತೀನಿ" ಎಂದು ಸೀಮೆಸುಣ್ಣವನ್ನು ನನ್ನ ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಂಡು, ತುದಿಗಳನ್ನು ಕೂಡಿಸಿ, ತನ್ನ ಜಾಗಕ್ಕೆ ಹೋಗಿ ಕೂತಳು. ತರಗತಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು. ಮಕ್ಕಳೇ ಕರುಣೆ ತೋರಿದರೆ ಮೇಷ್ಟ್ರು ಏನು ಮಾಡಬೇಕು, ಹೇಳಿ?

ಅಂದು ಮೊದಲ ಬಾರಿಗೆ ಪಾರ್ವತಿಯ ಮುಂದೆ ಅತ್ತೆ. ಅವಳು ಸಮಾಧಾನ ಹೇಳಲಿಲ್ಲ. ಬಹಳ ದಿನದಿಂದ ಸಿದ್ಧವಾಗಿಟ್ಟುಕೊಂಡಿದ್ದ ಮಾತಿನಂತೆ, "ಹರಪನಹಳ್ಳ್ಯಾಗ ಕುಡಿಯೋದು ಬಿಟ್ಟೋರು ಭಾನುವಾರ ಮುಂಜಾನಿ ಒಂದ್ಕಡಿ ಕೂಡ್ತಾರಂತ. ಬರೇ ಮಾತಂತ. ಹೋಗಿ ಬರ್ರಿ" ಎಂದಳು. ಹರಪನಹಳ್ಳಿ ನನಗೆ ಒಪ್ಪಿಗೆಯಾಯಿತು. ಕೊಟ್ಟೂರಿನ ಆಚೆ, ನನ್ನನ್ನು ಬಲ್ಲವರಿಲ್ಲದ ಊರು.

ಮೊದಲ ಭಾನುವಾರ ಆ ಬಾಗಿಲ ಎದುರು ಮೂರು ಚಹಾ ಕುಡಿದು ವಾಪಸು ಬಂದೆ. ಎರಡನೇ ಭಾನುವಾರ ಒಳಗೆ ಕಾಲಿಟ್ಟೆ. ಅದೊಂದು ಶಿಶುವಿಹಾರ. ಗೋಡೆಯ ತುಂಬ ಆನೆ, ಇಲಿ, ಈಚಲ ಮರ. ಕೆಂಪು ಬಣ್ಣದ ಸಣ್ಣ ಕುರ್ಚಿಗಳಲ್ಲಿ ದೊಡ್ಡ ದೊಡ್ಡ ಗಂಡಸರು ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದರು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು; ಎಲ್ಲರೂ ತಮ್ಮ ಬಾಲ್ಯಕ್ಕೆ ಮರಳಿ ಹೆಸರು ಹಚ್ಚಲು ಬಂದವರಂತೆ ಕಂಡರು. ಅವರ ನಡುವೆ ನಮ್ಮ ಓಣಿಯ ಗಿರಣಿ ಕೊಟ್ರಪ್ಪ!

ಈ ಕೊಟ್ರಪ್ಪನ ಬಗ್ಗೆ ಹೇಳಲೇಬೇಕು. ಹನಿ ಮುಟ್ಟದ ಮನುಷ್ಯನೆಂದು ಅವನನ್ನು ನಾನು ಒಳಗೊಳಗೇ ದ್ವೇಷಿಸುತ್ತಿದ್ದೆ. "ಕೊಟ್ರಪ್ಪನ್ನ ನೋಡ್ರಿ" ಎಂದು ಪಾರ್ವತಿ ಅಂದಾಗಲೆಲ್ಲ ಮೈ ಉರಿಯುತ್ತಿತ್ತು. ಊರಿಗೆ ಹೆದರಿ ನಾನು ಅಷ್ಟು ದೂರ ಬಂದರೆ ಊರೇ ನನಗಿಂತ ಮೊದಲು ಬಂದು ಕೂತಿತ್ತು.

"ಬರ್ರಿ ಮೇಷ್ಟ್ರ," ಎಂದ, ಪಕ್ಕದ ಕುರ್ಚಿ ಸರಿಸುತ್ತ. "ಹೋದ ವಾರ ಚಹಾದಂಗಡ್ಯಾಗ ಕಂಡಿದ್ರಿ. ನಾ ಹೊರಗ ಬರಲಿಲ್ಲ. ನಾನೂ ಎರಡು ವಾರ ಅಲ್ಲೇ ಕುಂತಿದ್ದೆ."

ಅಲ್ಲಿ ಯಾರೂ ಉಪದೇಶ ಮಾಡಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಕತೆ ಹೇಳಿದರು; ನನ್ನ ಸರದಿಯಲ್ಲಿ ಹೆಸರಷ್ಟೇ ಹೇಳಿ ಗೋಡೆಯ ಆನೆಯನ್ನು ನೋಡುತ್ತ ಕೂತೆ. "ಇವತ್ತಿಗೆ ಅಷ್ಟು ಸಾಕು" ಎಂದರು. ಕೈ ನಡುಕ ನೋಡಿದ ಕೊಟ್ರಪ್ಪ, "ಒಮ್ಮಿಗೇ ಬಿಡಬ್ಯಾಡ್ರಿ, ಮೊದಲು ಡಾಕ್ಟರಿಗೆ ತೋರಸೋಣು" ಎಂದು ಮರುದಿನ ಗಿರಣಿ ಮುಚ್ಚಿ ನನ್ನ ಜೊತೆ ಬಂದ. ಆಮೇಲೆಲ್ಲ ಸುಸೂತ್ರವೆಂದುಕೊಳ್ಳಬೇಡಿ. ಐದು ತಿಂಗಳಾದ ಮೇಲೆ ಒಂದು ಮದುವೆಯಲ್ಲಿ ಮತ್ತೆ ಕುಡಿದುಬಿಟ್ಟೆ. ಮುಂದಿನ ಭಾನುವಾರ ಹೋಗಲು ಮೊದಲನೆಯ ದಿನಕ್ಕಿಂತ ಹೆಚ್ಚು ನಾಚಿಕೆ. ಹೋದೆ. ನನ್ನ ಕುರ್ಚಿ ಖಾಲಿ ಇಟ್ಟಿದ್ದರು.

ಬಹಳ ದಿನದ ಮೇಲೆ ಪಾರ್ವತಿಯನ್ನು ಕೇಳಿದೆ, ಕೊಟ್ರಪ್ಪ ಅಲ್ಲಿರುವುದು ಗೊತ್ತಿತ್ತೇ ಎಂದು.

"ಗೊತ್ತಿತ್ತು. ಅವನ ಹೆಂಡ್ತಿನೇ ಹೇಳಿದ್ಲು. ನಾ ಹೇಳಿದ್ರ ನೀವು ಹೋಗ್ತಿದ್ರೇನು?"

ಫೋನು ಬಡಿದುಕೊಂಡಾಗ ಕಣ್ಣು ಬಿಟ್ಟೆ. ಹಡಗಲಿಯಲ್ಲಿ ಇಂದಿನಿಂದ ಹೊಸದಾಗಿ ಅಂಥದೇ ಒಂದು ಕೂಟ ಶುರುವಾಗುವುದಿತ್ತು. ನಾನು ಹೊರಟಿದ್ದು ಅಲ್ಲಿಗೇ. ಅತ್ತ, ಕೂಟದ ಸುದ್ದಿ ಕೇಳಿ ನನ್ನ ನಂಬರು ಹುಡುಕಿದ್ದ ಒಬ್ಬ ಹೆಂಗಸು, "ನಮ್ಮನಿಯವ್ರು ಮಾತಾಡ್ತಾರಂತ್ರಿ" ಎಂದು ಫೋನು ಕೊಟ್ಟಳು. ನಾನು ತಗ್ಗಿದ ದನಿಯಲ್ಲಿ ಹೆಸರು ಹೇಳಿದೆ.

"ಕೇಳಸವಲ್ದ್ರಿ," ಎಂದಿತು ಆ ದನಿ. "ನೀವು ಡಾಕ್ಟರ್ರೇನ್ರಿ?"

ಬಸ್ಸು ಏರು ಹತ್ತುತ್ತ ಗುಡುಗುತ್ತಿತ್ತು. ಸುತ್ತ ನೋಡಿದೆ. ಎರಡು ಸೀಟಿನಾಚೆ ನನ್ನ ಶಾಲೆಯ ಮಕ್ಕಳ ತಂದೆ ತಾಯಂದಿರೇ ಕೂತಿದ್ದರು.

"ಅಲ್ರಿ!" ಎಂದೆ, ಇಡೀ ಬಸ್ಸಿಗೆ ಕೇಳುವಂತೆ. "ನಾನೂ ಕುಡಕನೇ. ಹನ್ನೆರಡು ವರ್ಷ ಕುಡದೀನಿ!"

ಕಂಡಕ್ಟರ್ ತಿರುಗಿ ನೋಡಿದ. ಮುಂದಿನ ಸೀಟುಗಳೆಲ್ಲ ತಿರುಗಿದವು. ನಾನು ತಲೆ ತಗ್ಗಿಸಲಿಲ್ಲ. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಹಂಗಾದ್ರ," ಎಂದ ಆತ, "ಎಲ್ಲಿಗೆ ಬರ್ಬೇಕು, ಹೇಳ್ರಿ."