ಬಲಕ್ಕೆ ಬಿದ್ದ ಎಳೆ

ಪ್ರತಿ ಎಳೆಯ ಬಲಕ್ಕೆ, ಪ್ರತಿಸಲವೂ ಅಷ್ಟೇ ಅಂತರದಲ್ಲಿ, ಇನ್ನೊಂದು ಮಸುಕಾದ ಎಳೆ ಇತ್ತು.

ಪ್ರಯೋಗಾಲಯದಿಂದ ತಂದಿದ್ದ ಆ ವಿಡಿಯೊವನ್ನು ಭಾನುವಾರ ಬೆಳಗಿನಿಂದ ರಾಯದುರ್ಗದ ಚಿಕ್ಕಮ್ಮನ ಮನೆಯ ಕಟ್ಟೆಯ ಮೇಲೆ ಕೂತು ನೋಡುತ್ತಲೇ ಇದ್ದೆ. ನಮ್ಮ ಸೂಕ್ಷ್ಮದರ್ಶಕ ಮಸೂರದಿಂದ ನೋಡುವುದಲ್ಲ. ತುದಿ ಕಣ್ಣಿಗೇ ಕಾಣದಷ್ಟು ಚೂಪಾದ ಸೂಜಿಯೊಂದು ವಸ್ತುವನ್ನು ತಟ್ಟಿ ತಟ್ಟಿ ಅದರ ಏರುತಗ್ಗು ಗುರುತಿಸುತ್ತದೆ. ಸೆಕೆಂಡಿಗೆ ಹಲವು ಚಿತ್ರ. ರೇಷ್ಮೆಯ ಪ್ರೋಟೀನು ನೀರಿನಲ್ಲಿ ಎಳೆಗಟ್ಟುವುದನ್ನು ಸಿನಿಮಾದಂತೆ ನೋಡಬಹುದು. ಹುಳು ಮಡಕಶಿರದ ನಮ್ಮ ಮನೆಯವು.

ಈ ಎಳೆಗಳು ಜೋಡಿಯಾಗಿಯೇ ಹುಟ್ಟುತ್ತವೆ ಎಂದು ನಾನು ಬರೆದುಕೊಟ್ಟಿದ್ದೆ. ಗೂಡಿನ ನೂಲೆಂದರೆ ಎರಡು ಎಳೆ ಅಂಟಿಕೊಂಡದ್ದು, ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದಕ್ಕಿಂತ ಸಾವಿರಾರು ಪಟ್ಟು ಸಣ್ಣ ಎಳೆಯೂ ಜೋಡಿಯಾಗಿ ಕಂಡಾಗ ನನಗೆ ಅನುಮಾನವೇ ಬರಲಿಲ್ಲ. ಹುಳು ಸಾಕದ ಮನೆಯವರಿಗೆ ಬರುತ್ತಿತ್ತೇನೋ. ಆದರೆ ಸೂಜಿ ಸವೆದು ಅದಕ್ಕೆ ಪಕ್ಕದಲ್ಲಿ ಎರಡನೆಯ ತುದಿ ಮೂಡಿದ್ದರೆ ಅದು ಒಂದೇ ಎಳೆಯನ್ನು ಎರಡು ಸಲ ಮುಟ್ಟಿ ಎರಡೆಂದು ತೋರಿಸುತ್ತದೆ. ಸೋಮವಾರ ಮಧ್ಯಾಹ್ನ ನನ್ನ ಮಾರ್ಗದರ್ಶಕರು ಆ ವಿಡಿಯೊವನ್ನೇ ಸಭೆಯಲ್ಲಿ ತೋರಿಸುವವರಿದ್ದರು. ನನ್ನ ಎರಡು ವರ್ಷದ ಕೆಲಸ ಅದರ ಮೇಲೆ ನಿಂತಿತ್ತು.

ಅಮ್ಮ ಫೋನು ಮಾಡಿದಳು.

“ಏನಮ್ಮೀ, ನಮ್ಮ ಹುಳದ ಸಿನಿಮಾ ಯಾವತ್ತು? ನಮ್ಮ ನೂಲು ಹುಟ್ಟುವಾಗ್ಲೇ ಜೋಡಿಯಂತೆ ಅಂತ ಊರಿಗೆಲ್ಲ ಹೇಳಿದೀನಿ.”

“ಈಗ್ಲೇ ಹೇಳ್ಬೇಡಮ್ಮ.”

“ಯಾಕೆ, ಪಕ್ಕದ ಮನೆ ಹುಳ ಕಣ್ಣು ಹಾಕ್ತವಾ?”

ಫೋನು ಇಟ್ಟು ವಿಡಿಯೊವನ್ನು ಮತ್ತೆ ಮೊದಲಿನಿಂದ ಹಾಕಿದೆ.

ಒಳಗೆ ಚಿಕ್ಕಮ್ಮ ಜೀನ್ಸ್ ಹೊಲಿಯುತ್ತಿದ್ದಳು. ಮಿಷನ್ನು ನಿಲ್ಲಿಸಿ, ಸೂಜಿ ಬಿಚ್ಚಿ, ಅದರ ತುದಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದಳು. ತುದಿ ಮುಕ್ಕಾಗಿದ್ದಕ್ಕೆ ಉಗುರಿನ ಮೇಲೆ ಗೀರು ಬಿತ್ತು. ಸೂಜಿಯನ್ನು ಹಳೇ ಸೂಜಿಗಳ ಡಬ್ಬಿಗೆ ಹಾಕಿದಳು.

“ಅದ್ರಲ್ಲಿ ಇನ್ನೂ ಹೊಲೀಬಹುದಿತ್ತಲ್ಲ ಚಿಕ್ಕಮ್ಮ?”

“ಹೊಲೀತೈತಿ, ಯಾಕ ಹೊಲಿಯಂಗಿಲ್ಲ? ಆಮ್ಯಾಲ ಇಡೀ ಪ್ಯಾಂಟು ಬಿಚ್ಚಾಕ ನೀ ಬರ್ತಿಯೇನ? ಓದಿದಾಕಿ ಕೇಳೋ ಮಾತು ನೋಡು!”

ಅವಳು ನಕ್ಕಳು. ನನಗೆ ಆಗಲಿಲ್ಲ.

ಪರೀಕ್ಷೆ ನನಗೆ ಗೊತ್ತಿತ್ತು. ಎಳೆಗಳಿರುವ ಅಭ್ರಕದ ಚೂರನ್ನು ಕಾಲು ಸುತ್ತು ತಿರುಗಿಸಬೇಕು. ಜೋಡಿ ನಿಜವಾದರೆ ಎರಡನೆಯ ಎಳೆಯೂ ಜೊತೆಗೆ ತಿರುಗಿ ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಸೂಜಿಯದ್ದಾದರೆ ಬಲಕ್ಕೇ ಉಳಿಯುತ್ತದೆ. ಗುರುವಾರದಿಂದಲೂ ಗೊತ್ತಿತ್ತು. ಯಂತ್ರ ಖಾಲಿಯಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಇಲ್ಲಿಗೆ ಬಂದಿದ್ದೆ. ಯಂತ್ರ ಖಾಲಿಯೇ ಇತ್ತು.

ಸಂಜೆಯ ಬಸ್ಸು ಹಿಡಿದೆ. ಮರುದಿನ ಬೆಳಿಗ್ಗೆ ಯಾರೂ ಬರುವ ಮೊದಲು ಪ್ರಯೋಗಾಲಯದ ಬೀಗ ತೆಗೆದು, ಅದೇ ಸೂಜಿಯ ಕೆಳಗೆ ಅಭ್ರಕವನ್ನು ತಿರುಗಿಸಿ ಇಟ್ಟೆ. ಪರದೆಯ ಮೇಲೆ ಎಳೆಗಳು ತಿರುಗಿದ್ದವು. ಮಸುಕಾದದ್ದು ಬಲಕ್ಕೇ ಇತ್ತು.

ಮಾರ್ಗದರ್ಶಕರಿಗೆ ಫೋನು ಮಾಡಿ, “ಸರ್, ಇವತ್ತು ಅದನ್ನು ತೋರಿಸಬೇಡಿ” ಎಂದೆ. ಆಮೇಲೆ ಅಮ್ಮನಿಗೆ ಮಾಡಿದೆ.