ಹರಿಹರದಲ್ಲಿ ಸಿಕ್ಕ ಮೋತಿ, ಎದ್ದು ನಡೆದ ನಮ್ಮ ಅತ್ತೆ

ಯುಗಾದಿ ಮುಗಿದ ಕೆಲವೇ ದಿನಗಳಲ್ಲಿ ನಮ್ಮ ಅತ್ತೆ ನೀಲಮ್ಮನವರು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ದಾವಣಗೆರೆಯಲ್ಲೇ ಆಪರೇಷನ್ ಆಯಿತು, ರಾಡ್ ಹಾಕಿದರು. ಮನೆಗೆ ಕರೆತಂದಾಗ ಇನ್ನೇನು ಗಂಡಾಂತರ ಕಳೆಯಿತು ಎಂದುಕೊಂಡೆವು. ನಿಜವಾದ ಕಷ್ಟ ಶುರುವಾದದ್ದು ಅಲ್ಲಿಂದ.

ನಾನು ಗಿರಿಜಾ, ಸರಸ್ವತಿ ನಗರದವಳು. ನಮ್ಮ ಯಜಮಾನರಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ ಇದೆ. ಹರಿಹರೇಶ್ವರನನ್ನು ನಂಬಿದ ನಿಮ್ಮೆಲ್ಲರ ಮುಂದೆ, ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿಕೊಳ್ಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಅತ್ತೆಯವರ ಮೂಳೆ ಚೆನ್ನಾಗಿ ಕೂಡಿಕೊಂಡಿತು. ಆದರೆ ಮನಸ್ಸಿನಲ್ಲಿ ಕೂತ ಭಯ ಹೋಗಲಿಲ್ಲ. ನೆಲಕ್ಕೆ ಕಾಲು ಊರಿಸಿದರೆ ಸಾಕು, ಇಡೀ ಮೈ ನಡುಗುತ್ತಿತ್ತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಎಷ್ಟು ಪುಸಲಾಯಿಸಿದರೂ "ನನ್ ಕೈಲಿ ಆಗಂಗಿಲ್ಲವ್ವ, ಬಿಟ್ಬಿಡು" ಎಂದು ಗೋಡೆಯ ಕಡೆ ಮುಖ ತಿರುಗಿಸಿಬಿಡುತ್ತಿದ್ದರು. ಮಳೆಗಾಲ ಬರುವಷ್ಟರಲ್ಲಿ ಮಾತೂ ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು. ಎಷ್ಟೋ ವರ್ಷಗಳಿಂದ ತಪ್ಪದೆ ಮಾಡುತ್ತಿದ್ದ ಲಿಂಗಪೂಜೆಯನ್ನು ಮಲಗಿದಲ್ಲೇ ಎರಡು ನಿಮಿಷದಲ್ಲಿ ಮುಗಿಸುತ್ತಿದ್ದರು. ಬೆನ್ನಿನ ಚರ್ಮ ಕೆಂಪಗಾಗತೊಡಗಿತು.

ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು: "ಎಲುಬಿಗೆ ಏನೂ ತೊಂದ್ರಿ ಇಲ್ರಿ. ಆದ್ರೆ ಹಿಂಗೇ ಮಲಗಿದ್ರೆ ಹುಣ್ಣಾಗ್ತವೆ, ಎದಿಯಾಗ ಕಫ ಕಟ್ತೈತೆ. ಈ ವಯಸ್ಸಿನಾಗ ಅದು ಜೀವಕ್ಕೆ ಬರೋದು. ಹೆಂಗಾದ್ರೂ ಮಾಡಿ ಎಬ್ಬಿಸ್ರಿ."

ನನಗೆ ತಾಯಿ ಇಲ್ಲ. ಮದುವೆಯಾಗಿ ಬಂದಾಗಿನಿಂದ ನನ್ನ ತಲೆ ಬಾಚಿ, ಬಾಣಂತನ ಮಾಡಿ, ಬೈದು, ಉಣಿಸಿ ಬೆಳೆಸಿದವರು ಈ ಅತ್ತೆ. ಅವರನ್ನು ಎಬ್ಬಿಸುವ ದಾರಿ ನನಗೆ ಕಾಣಲಿಲ್ಲ. ಸೋಮವಾರಗಳಂದು ಬಸ್ಸು ಹತ್ತಿ ಹರಿಹರಕ್ಕೆ ಹೋಗುವುದು, ಗುಡಿಯಲ್ಲಿ ನಿಂತು ಅಳುವುದು, ಮತ್ತೆ ಬಸ್ಸು ಹತ್ತುವುದು, ಇಷ್ಟೇ ನನಗೆ ಉಳಿದದ್ದು.

ಅಂಥ ಒಂದು ಸೋಮವಾರ ದರ್ಶನ ಮುಗಿಸಿ ಹೊರಗೆ ಬಂದರೆ ನನ್ನ ಚಪ್ಪಲಿಯ ಮೇಲೆ ಒಂದು ಸಣ್ಣ ನಾಯಿ ಮುದುಡಿ ಮಲಗಿತ್ತು. ಬಿಳಿ ಮೈ, ಒಂದು ಕಿವಿ ಮಾತ್ರ ಕಂದು. ಬಾಯಿಯ ಸುತ್ತ ಒರಟು ಕೂದಲು ಬೆಳೆದು ಸಣ್ಣ ಗಡ್ಡ ಬಿಟ್ಟಂತೆ ಕಾಣುತ್ತಿತ್ತು. ಮೈತುಂಬ ಕೆಸರು. ಚಪ್ಪಲಿ ಎಳೆದುಕೊಳ್ಳಲು ಹೋದಾಗ ಕಣ್ಣು ಬಿಟ್ಟಿತು, ಏಳಲು ನೋಡಿತು. ಹಿಂದಿನ ಕಾಲು ನಿಲ್ಲಲಿಲ್ಲ, ಹಾಗೇ ಕುಸಿಯಿತು.

ಎದುರಿಗೆ ಹೂವು ಮಾರುವ ಗೌರಮ್ಮ ಹೇಳಿದಳು: "ನಿನ್ನೆಯಿಂದ ಇಲ್ಲೇ ಬಿದ್ದೈತೆ ನೋಡ್ರಿ. ಯಾರ್ದೋ ಏನೋ. ಹೂವು ಸುತ್ತೋ ಎಲೆಯಾಗ ನೀರು ಕೊಟ್ರೂ ಕುಡೀಲಿಲ್ಲ."

ನಮ್ಮ ಮನೆಯಲ್ಲಿ ನಾಯಿ ಸಾಕಿದವರಿಲ್ಲ. ನನಗೆ ನಾಯಿಯೆಂದರೆ ಸ್ವಲ್ಪ ಹೆದರಿಕೆಯೇ. ಆದರೆ ಏಳಲಾರದ ಒಂದು ಜೀವವನ್ನು ಮನೆಯಲ್ಲಿ ಬಿಟ್ಟು ಬಂದಿದ್ದೆ. ಇನ್ನೊಂದು ಜೀವವನ್ನು ಹಾಗೇ ದಾಟಿ ಹೋಗಲು ಕಾಲು ಬರಲಿಲ್ಲ. ಯಾರಾದರೂ ಕೇಳಿಕೊಂಡು ಬಂದರೆ ಹೇಳು ಎಂದು ಗೌರಮ್ಮನಿಗೆ ನನ್ನ ಫೋನ್ ನಂಬರು ಕೊಟ್ಟು, ನಾಯಿಯನ್ನು ಹೊದ್ದಿದ್ದ ಶಾಲಿನಲ್ಲಿ ಸುತ್ತಿ ಎತ್ತಿಕೊಂಡೆ.

ಬಸ್ಸಿನಲ್ಲಿ ಕಂಡಕ್ಟರು ತಡೆದರು. "ಏನ್ರಿ ಅಮ್ಮ ಅದು, ನಾಯೀನಾ? ಬಸ್ಸಿನಾಗ ಬ್ಯಾಡ್ರಿ."

"ಜ್ವರ ಐತ್ರಿ ಅದಕ್ಕ. ದವಾಖಾನಿಗೆ ಒಯ್ತೀನಿ."

ಅವರು ಶಾಲು ಸರಿಸಿ ಅದರ ಮುಖ ನೋಡಿದರು. "ಹಿಂದಿನ ಸೀಟಿಗೆ ಹೋಗಿ ಕೂಡ್ರಿ" ಎಂದಷ್ಟೇ ಹೇಳಿ ಮುಂದೆ ಹೋದರು.

ದಾವಣಗೆರೆಯಲ್ಲಿ ಪಶುವೈದ್ಯರು ಪರೀಕ್ಷೆ ಮಾಡಿ, "ಇದು ಟೆರಿಯರ್ ಜಾತೀದು. ಮರಿ ಅಲ್ರಿ, ಬೆಳದಿದ್ದೇ ಇಷ್ಟು. ಯಾರೋ ಪ್ರೀತಿಯಿಂದ ಸಾಕ್ಯಾರೆ, ಹಲ್ಲು ನೋಡ್ರಿ ಎಷ್ಟು ಚಂದ ಅದಾವು" ಎಂದರು. ಉಣ್ಣೆ ಹುಳ ಕಚ್ಚಿ ಬಂದ ಜ್ವರ, ಮೈಯಲ್ಲಿ ರಕ್ತ ಕಡಿಮೆ, ಕಾಲಿಗೆ ಏನೋ ತಾಗಿ ಬಾವು. ಡ್ರಿಪ್ ಹಾಕಿದರು. ಗುಳಿಗೆ ಬರೆದುಕೊಟ್ಟು, ಬೇಯಿಸಿದ ಮೊಟ್ಟೆ ತಿನ್ನಿಸಿ ಎಂದರು. ಮೊಟ್ಟೆ ಎಂದಾಗ ನನಗೆ ಅತ್ತೆಯ ಮುಖ ಕಣ್ಣ ಮುಂದೆ ಬಂತು.

ಮನೆಗೆ ತಂದಾಗ ಅತ್ತೆ ಎಷ್ಟೋ ದಿನಗಳ ಮೇಲೆ ಒಂದು ಪೂರ್ತಿ ಮಾತು ಆಡಿದರು. "ಲಿಂಗಪೂಜಿ ಮಾಡೋ ಮನ್ಯಾಗ ನಾಯಿ ತಂದೀಯಲ್ಲ ಗಿರಿಜಾ, ನಿಂಗೇನು ತಲಿ ಕೆಟ್ಟೈತಾ?"

"ಗುಣ ಆಗೋತನಕ ಅಷ್ಟೇ ಅತ್ತೆ. ಹಿತ್ತಲ ಪಡಸಾಲ್ಯಾಗ ಇರ್ತದೆ, ಒಳಗ ಬಿಡಂಗಿಲ್ಲ."

ಅವರು ಗೋಡೆಯ ಕಡೆ ತಿರುಗಿದರು. ಹಿತ್ತಲ ಪಡಸಾಲೆಗೆ ಅವರ ಕೋಣೆಯಿಂದ ಒಂದು ಕಿಟಕಿ ಇತ್ತು. ಅದರ ಕೆಳಗೇ ಗೋಣಿಚೀಲ ಹಾಸಿ ನಾಯಿಯನ್ನು ಮಲಗಿಸಿದೆ. ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟು, ಪಕ್ಕದ ಮನೆಯವರಿಂದ ಕೇಳಿ ಕಲಿತು, ಜೀವನದಲ್ಲಿ ಮೊದಲ ಸಲ ಮೊಟ್ಟೆ ಬೇಯಿಸಿದೆ. ನಾಯಿ ಮೂಸಿಯೂ ನೋಡಲಿಲ್ಲ. ಗುಳಿಗೆಯನ್ನು ಪುಡಿ ಮಾಡಿ ಬೆಲ್ಲದ ನೀರಿನಲ್ಲಿ ಕಲಸಿ ಬಾಯಿಗೆ ಹಾಕಿದರೆ ಅರ್ಧ ಹೊರಗೆ ಬರುತ್ತಿತ್ತು. ಒಳಗೆ ಅತ್ತೆ ತುತ್ತು ದೂರ ತಳ್ಳುತ್ತಿದ್ದರು, ಹೊರಗೆ ಇದು. ಇಬ್ಬರ ನಡುವೆ ಓಡಾಡಿ ಒಂದು ಮಧ್ಯಾಹ್ನ ದೇವರ ಕೋಣೆಯ ಬಾಗಿಲಲ್ಲಿ ಕೂತುಬಿಟ್ಟೆ. "ಸ್ವಾಮಿ, ನನ್ನ ಕೈಲಿ ಇನ್ನು ಆಗುವುದಿಲ್ಲ. ಇವರಿಬ್ಬರನ್ನೂ ನೀನೇ ಎತ್ತು" ಎಂದೆ. ಅದಕ್ಕಿಂತ ದೊಡ್ಡ ಪ್ರಾರ್ಥನೆ ಮಾಡುವ ಶಕ್ತಿ ಇರಲಿಲ್ಲ.

ಮರುದಿನ ನಾಯಿಯ ಔಷಧಿ ತರಲು ಹೋದವಳು ಮಳೆಗೆ ಸಿಕ್ಕಿಕೊಂಡು ತಡವಾಗಿ ಬಂದೆ. ಬಾಗಿಲು ತೆರೆದು ಒಳಗೆ ಹೋದರೆ ಅತ್ತೆಯ ಮಂಚ ಖಾಲಿ. ಬಚ್ಚಲಿಗೆ ಓಡಿದೆ, ಅಲ್ಲಿಲ್ಲ. ಅಡುಗೆ ಮನೆಯಲ್ಲಿ ಅನ್ನದ ಪಾತ್ರೆಯ ಮುಚ್ಚಳ ತೆಗೆದಿತ್ತು. ಹಿತ್ತಲ ಬಾಗಿಲು ತೆರೆದಿತ್ತು.

ಅತ್ತೆ ಪಡಸಾಲೆಯ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ, ಆಸ್ಪತ್ರೆಯಿಂದ ತಂದ ದಿನದಿಂದ ಮೂಲೆಯಲ್ಲೇ ನಿಂತಿದ್ದ ವಾಕರ್. ತೊಡೆಯ ಮೇಲೆ ಆ ನಾಯಿಯ ತಲೆ. ಗಂಜಿಯಲ್ಲಿ ಅದ್ದಿದ ಬೆರಳನ್ನು ಅದರ ಬಾಯಿಗೆ ಹಿಡಿದಿದ್ದರು. ಅದು ನಿಧಾನವಾಗಿ ನೆಕ್ಕುತ್ತಿತ್ತು.

"ಅತ್ತೆ, ಹೆಂಗೆ ಬಂದ್ರಿ?"

ಅವರು ತಲೆ ಎತ್ತಲಿಲ್ಲ. "ಕಿಟಕ್ಯಾಗಿಂದ ಅದರ ನರಳಾಟ ಕೇಳ್ತಿತ್ತು. ಆಮ್ಯಾಲೆ ಸುಮ್ನಾತು. ಸತ್ತೇ ಹೋತೇನೋ ಅಂತ ನಿನ್ನ ಕರದೆ. ನೀನಿಲ್ಲ. ಒಬ್ಬಂಟಿ ಸಾಯಬಾರ್ದು ಅನ್ನಿಸ್ತು, ಬಂದೆ."

"ಕಾಲು ನೋಯಲಿಲ್ಲೇನ್ರಿ?"

"ನೋವು ಐತೆ. ಇರ್ಲಿ ಬಿಡು. ಇನ್ನೊಂದೀಟು ಗಂಜಿ ತಾ."

ನಾನು ಒಳಗೆ ಹೋಗಿ, ಗಂಜಿಯ ಪಾತ್ರೆ ಹಿಡಿದುಕೊಂಡೇ ಹರಿಹರದ ದಿಕ್ಕಿಗೆ ತಿರುಗಿ ನಿಂತು ಕಣ್ಣೀರಿಟ್ಟೆ. ನಾನು ಕಂಡ ಕೃಪೆ ಅದು. ವ್ಯಾಯಾಮದ ಹುಡುಗಿಯ ಮಾತಿಗೂ, ಯಾವ ಡಾಕ್ಟರ ಮಾತಿಗೂ ಏಳದಿದ್ದವರನ್ನು ಆ ಸಣ್ಣ ಪ್ರಾಣಿಯ ಸಂಕಟದಿಂದ ಸ್ವಾಮಿ ಎಬ್ಬಿಸಿದ್ದ.

ಅಂದಿನಿಂದ ಇಬ್ಬರೂ ಒಟ್ಟಿಗೇ ಗುಣವಾದರು. ಅತ್ತೆ ಅದಕ್ಕೆ ಹೆಸರಿಡಲಿಲ್ಲ, "ಲೇ ಮರಿ" ಎಂದೇ ಕರೆಯುತ್ತಿದ್ದರು. ಜ್ವರ ಬಿಟ್ಟ ಮೇಲೆ ಅದರ ನಿಜವಾದ ಗುಣ ಹೊರಬಿತ್ತು. ಮೈಗಿಂತ ದನಿ ದೊಡ್ಡದು. ಹಿತ್ತಲ ಹೆಗ್ಗಣದ ಬಿಲ ಹುಡುಕಿ ಮೂಗಿನ ತುದಿಯವರೆಗೆ ಮಣ್ಣು ಮಾಡಿಕೊಂಡು ಬರುತ್ತಿತ್ತು. ಅತ್ತೆ ಹಳೇ ಸೀರೆಯ ಚೂರು ಒದ್ದೆ ಮಾಡಿ ಅದರ ಗಡ್ಡ ಒರೆಸುತ್ತಿದ್ದರು. ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ, "ಗಿರಿಜಾ, ಮರಿಗೆ ಮೊಟ್ಟಿ ಕುದಿಸ್ದೇನು?" ಎಂದು ಕೇಳಿದರು. ನಮ್ಮ ಯಜಮಾನರು ನಗು ತಡೆಯಲಾರದೆ ಅಂಗಡಿಗೆ ಹೊರಟುಬಿಟ್ಟರು.

ಸಂಜೆ ಬೀದಿಯಲ್ಲಿ ಇಬ್ಬರೂ ನಡೆಯುತ್ತಿದ್ದರು. ಮುಂದೆ ಕುಂಟುವ ನಾಯಿ, ಹಿಂದೆ ಕೋಲು ಹಿಡಿದ ಅತ್ತೆ. ಅದು ನಾಲ್ಕು ಹೆಜ್ಜೆ ಹೋಗಿ ನಿಂತು ತಿರುಗಿ ನೋಡುತ್ತಿತ್ತು, ಇವರು ಬಂದ ಮೇಲೆ ಮುಂದೆ ಹೋಗುತ್ತಿತ್ತು.

ಶ್ರಾವಣದಲ್ಲಿ ಆ ಫೋನ್ ಬಂತು. ಹರಿಹರದ ಖೈರುನ್ನೀಸಾ ಎಂಬುವರು. ಗಂಡ ತೀರಿಕೊಂಡ ದುಃಖದಲ್ಲಿ ಮನೆ ಮಂದಿಯೆಲ್ಲ ಇದ್ದಾಗ ನಾಯಿ ಹೊರಗೆ ಹೋದದ್ದು ಯಾರಿಗೂ ಗೊತ್ತಾಗಿಲ್ಲ. ಎಲ್ಲೆಲ್ಲೋ ಹುಡುಕಿ, ಕೊನೆಗೆ ಹೂವಿನ ಗೌರಮ್ಮನ ಹತ್ತಿರ ನನ್ನ ನಂಬರು ಸಿಕ್ಕಿತ್ತು. ಆ ಫೋನ್ ಬರದಿರಲಿ ಎಂದು ನಾನು ದೇವರಲ್ಲಿ ಬೇಡಿಕೊಂಡದ್ದೂ ಉಂಟು. ಬರಬೇಡಿ ಎಂದು ಹೇಳಲು ಬಾಯಿ ಬರಲಿಲ್ಲ. ಬನ್ನಿ ಎಂದೆ.

ಮಗನ ಜೊತೆ ಅವರು ಬಂದರು. ಗೇಟಿನಲ್ಲಿ ನಿಂತು "ಮೋತಿ" ಎಂದು ಮೆಲ್ಲಗೆ ಕರೆದರು. ನಾಯಿ ಅತ್ತೆಯ ಕಾಲ ಬಳಿಯಿಂದ ಎದ್ದು ಓಡಿದ ಓಟಕ್ಕೆ ಕುಂಟು ಇರಲಿಲ್ಲ. ಆ ಹೆಂಗಸು ಅಲ್ಲೇ ನೆಲದ ಮೇಲೆ ಕೂತು ಅದನ್ನು ಅಪ್ಪಿಕೊಂಡು ಅತ್ತರು. "ನಮ್ಮ ಯಜಮಾನ್ರು ಸಾಕಿದ್ದು ಅಮ್ಮಾ. ಅವ್ರು ಹೋದಮ್ಯಾಲೆ ಇದೂ ಹೋತಲ್ಲಾ ಅಂತ ದಿನಾ ದುವಾ ಮಾಡ್ತಿದ್ದೆ."

ನಾನು ಅತ್ತೆಯ ಕಡೆ ನೋಡಲಾರದೆ ನಿಂತಿದ್ದೆ. ಅವರೇ ಕೋಲೂರಿಕೊಂಡು ಗೇಟಿನವರೆಗೆ ಬಂದರು. "ಏಳು ತಂಗಿ, ಒಳಗ ಬಾ, ಚಾ ಕುಡೀವಂತೆ. ನಿನ್ನ ನಾಯಿ ನೀನು ಕರಕೊಂಡು ಹೋಗು. ಹಿಂದಿನ ಕಾಲಿಗೆ ಥಂಡಿ ತಾಗಿಸ್ಬ್ಯಾಡ, ಅಷ್ಟೇ."

ಅವರು ಹೋದ ಮೇಲೆ ಅತ್ತೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಊಟ ಬೇಡವೆಂದರು. ಎಲ್ಲವೂ ಮತ್ತೆ ಮೊದಲಿನಂತಾಯಿತು ಎಂದುಕೊಂಡೆ. ಕೊಟ್ಟು ಕಿತ್ತುಕೊಂಡೆಯಾ ಸ್ವಾಮಿ ಎಂದು ಕೇಳಿಯೂಬಿಟ್ಟೆ.

ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅತ್ತೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಇಳಕಲ್ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದರು. ಕಣ್ಣು ಕೆಂಪಗಿದ್ದವು.

"ಇವತ್ತು ಸೋಮವಾರ ಅಲ್ಲೇನು? ಹರಿಹರಕ್ಕ ನಾನೂ ಬರ್ತೀನಿ."

"ಕಾರು ಮಾಡಿಕೊಂಡು ಹೋಗೋಣೇನ್ರಿ?"

"ಬ್ಯಾಡ. ಬಸ್ಸಿಗೇ ಹೋಗಾಣ. ನಡೀಲಿಕ್ಕೆ ಬರ್ತೈತಲ್ಲ ನಂಗೆ."

ಬಸ್ಸಿನ ಮೆಟ್ಟಿಲು ಹತ್ತುವಾಗ ನಾನು ಹಿಂದೆ ನಿಂತು ಸೊಂಟ ಹಿಡಿದಿದ್ದೆ. ಗುಡಿಯ ಕಂಬಗಳ ನಡುವೆ ಅವರು ನಿಧಾನವಾಗಿ ನಡೆದು, ಗರ್ಭಗುಡಿಯ ಎದುರು ಬಂದಾಗ ಕೋಲನ್ನು ನನ್ನ ಕೈಗೆ ಕೊಟ್ಟು, ಏನನ್ನೂ ಹಿಡಿಯದೆ ನಿಂತು ಎರಡೂ ಕೈ ಮುಗಿದರು. ಏನು ಬೇಡಿಕೊಂಡರೋ ನಾನು ಕೇಳಲಿಲ್ಲ. ಹೊರಗೆ ಬಂದ ಮೇಲೆ "ಆ ತಂಗಿ ಮನಿ ಎಲ್ಲೈತೆ, ಹೋಗಿ ಬರಾಣ" ಎಂದರು.

ಈಗ ಅತ್ತೆಗೆ ಸೋಮವಾರವೆಂದರೆ ಹರಿಹರ. ದರ್ಶನ ಆದ ಮೇಲೆ ಖೈರುನ್ನೀಸಾ ಅವರ ಜಗಲಿಯಲ್ಲಿ ಇಬ್ಬರೂ ಕೂತು ಮಾತಾಡುತ್ತಾರೆ, ನಡುವೆ ಮೋತಿ ಮಲಗಿರುತ್ತದೆ. ಖೈರುನ್ನೀಸಾ ಮಗಳ ಊರಿಗೆ ಹೋದಾಗ ಅದು ನಮ್ಮ ಮನೆಗೇ ಬರುತ್ತದೆ.

ನಾಯಿ ನಮ್ಮಲ್ಲೇ ಉಳಿಯಲಿ ಎಂದು ನಾನು ಬೇಡಿದ್ದೆ. ಅದನ್ನು ಸ್ವಾಮಿ ಕೊಡಲಿಲ್ಲ. ಕೊಟ್ಟಿದ್ದರೆ, ಅತ್ತೆ ನಡೆದದ್ದು ನಾಯಿಯ ಆಸೆಗೆ ಎಂದೇ ನಾನು ತಿಳಿಯುತ್ತಿದ್ದೆ. ಹರಿಹರದ ಒಂದು ಮನೆಯಲ್ಲಿ ಇನ್ನೊಬ್ಬ ತಾಯಿಯೂ ಕಣ್ಣೀರಿಟ್ಟು ಕೇಳುತ್ತಿದ್ದಳು, ಅದು ನನಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು. ಮಲಗಿದವರ ಬಳಿ ಕೂತು ದಾರಿ ಕಾಣದಿರುವ ಯಾರಾದರೂ ಇದನ್ನು ಓದುತ್ತಿದ್ದರೆ, ಧೈರ್ಯ ಬಿಡಬೇಡಿ. ಈ ಸೋಮವಾರವೂ ನಾವು ಹೋಗುತ್ತೇವೆ. ನಿಮ್ಮ ಮನೆಯವರಿಗಾಗಿಯೂ ಅಲ್ಲಿ ನಿಂತು ಕೇಳಿಕೊಳ್ಳುತ್ತೇನೆ.