ಹೇಳದೆ ಒಪ್ಪಿಕೊಂಡದ್ದು

ವಯಸ್ಸಿನ ಮಿತಿಯೊಳಗೆ ಬ್ಯಾಂಕ್ ಪರೀಕ್ಷೆ ಬರೆಯಲು ನನ್ನ ನಾದಿನಿಗೆ ಉಳಿದದ್ದು ಅದೊಂದೇ ವರ್ಷ. ಹಿಂದೆಲ್ಲ ಅವಳನ್ನು ಕೆಡವಿದ್ದು ರೀಸನಿಂಗ್. ಅದರಲ್ಲೂ ಎರಡು ಬಗೆಯ ಪ್ರಶ್ನೆಗಳು ಅವಳಿಗೆ ಬೇರೆಬೇರೆಯಾಗಿ ಕಾಣುತ್ತಲೇ ಇರಲಿಲ್ಲ: ಕೊಟ್ಟ ಮಾತಿನಿಂದ ಮುಂದೆ ಏನು ಹೊರಡುತ್ತದೆ ಎನ್ನುವುದು ಒಂದು, ಆ ಮಾತು ಹೇಳದೆಯೇ ಏನನ್ನು ಒಪ್ಪಿಕೊಂಡಿದೆ ಎನ್ನುವುದು ಇನ್ನೊಂದು. ಇಬ್ಬರೂ ಗೋರೆಗಾಂವ್‌ನಿಂದ ದಾದರ್‌ಗೆ ಕೆಲಸಕ್ಕೆ ಹೋಗುತ್ತಿದ್ದೆವು. ಪಾಠ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ, ನಿಂತುಕೊಂಡೇ.

"ಲೋಕಲ್ ಲೇಟು, ಆದ್ದರಿಂದ ಅವಳು ಆಫೀಸಿಗೆ ಲೇಟು," ಎಂದೆ ಒಂದು ಬೆಳಿಗ್ಗೆ. "ಇದರಲ್ಲಿ ಹೇಳದೆ ಒಪ್ಪಿಕೊಂಡದ್ದು ಏನು?"

ಉದಾಹರಣೆ ನನ್ನದೋ ಪುಸ್ತಕದ್ದೋ ಈಗ ಹೇಳಲಾರೆ. ಅವಳ ಉತ್ತರವನ್ನಂತೂ ತಿದ್ದಿಲ್ಲ ಎಂದುಕೊಂಡಿದ್ದೇನೆ.

"ಬಾಸ್ ಬೈತಾನೆ."

"ಅದು ಮುಂದೆ ಆಗುವುದು ಮಾರಾಯ್ತಿ. ಹಿಂದೆ ಇರುವುದು ಹೇಳು."

"ಹಿಂದೆ ಈ ಆಂಟಿಯ ಬ್ಯಾಗ್ ಉಂಟು. ಚುಚ್ತದೆ."

"ಅವಳು ಲೋಕಲ್‌ನಲ್ಲೇ ಆಫೀಸಿಗೆ ಹೋಗ್ತಾಳೆ ಅಂತ!"

"ಅರೇ, ಅದನ್ನೂ ಹೇಳ್ಬೇಕಾ ಅತ್ತಿಗೆ? ಮತ್ತೆ ಹೆಲಿಕಾಪ್ಟರಲ್ಲಿ ಹೋಗ್ತಾಳಾ?"

ನಕ್ಕುಬಿಟ್ಟೆ. ಆದರೆ ತೊಡಕು ಎಲ್ಲಿದೆ ಎಂದು ಆಗ ತುಸು ಕಂಡಿತು. ಈ ಊರಲ್ಲೇ ಹುಟ್ಟಿದವಳಿಗೆ ಲೋಕಲ್ ಹತ್ತುವುದು ಊಹೆಯೇ ಅಲ್ಲ.

"ಸರಿ, ಅವಳ ಆಫೀಸು ಮನೆಯ ಬಿಲ್ಡಿಂಗಿನಲ್ಲೇ ಇದ್ದರೆ?"

ರೈಲು ಬಾಂದ್ರಾ ದಾಟಿರಬೇಕು, ಅಥವಾ ಮಾಹಿಮ್. ಇದ್ದಕ್ಕಿದ್ದಂತೆ ಜೋರಾಗಿ, "ಆಗ ಲೋಕಲ್ ಬಂದ್ರೆಷ್ಟು ಬಿಟ್ರೆಷ್ಟು!" ಎಂದಳು. ಬ್ಯಾಗಿನ ಆಂಟಿ ತಿರುಗಿ ನೋಡಿದರು. "ಮತ್ಲಬ್, ಅದನ್ನು ತೆಗೆದ್ರೆ ಇಡೀ ಮಾತೇ ಬಿದ್ದುಹೋಗ್ತದೆ. ಅದೇ ಅಸಂಪ್ಷನ್. ಹೌದಾ?"

ಹೌದು. ಆ ವಾಕ್ಯ ನಾನೇ ಕಲಿಸಿದ್ದೆಂದು ನೆನಪು ಕೆಲವೊಮ್ಮೆ ಹೇಳುತ್ತದೆ; ನಂಬುವುದಿಲ್ಲ.

ಆಮೇಲೆ ಮನೆಯಲ್ಲಿ ಯಾರೂ ನೆಮ್ಮದಿಯಿಂದ ಬಾಯಿ ತೆರೆಯುವಂತಿರಲಿಲ್ಲ. "ಕುಕ್ಕರ್ ಸೀಟಿ ಹೊಡೀತು, ಗ್ಯಾಸ್ ಬಂದ್ ಮಾಡು," ಎಂದ ಅತ್ತೆಯನ್ನೇ ಹಿಡಿದಳು: "ಅಮ್ಮ, ಇದು ಕನ್‌ಕ್ಲೂಷನ್ನಾ, ಅಸಂಪ್ಷನ್ನಾ?"

"ಇದು ಆರ್ಡರ್. ಏಳು."

ಮೊದಲ ಹಂತದ ರಿಸಲ್ಟ್‌ನಲ್ಲಿ ಅವಳ ನಂಬರ್ ಇತ್ತು. ಅತ್ತೆ ಆಗಲೇ ಉಡುಪಿಯ ತಂಗಿಗೆ ಫೋನ್ ಹಚ್ಚಿ, "ಹುಡುಗಿಗೆ ಬ್ಯಾಂಕಲ್ಲಿ ಕೆಲಸ ಆಯ್ತು," ಎನ್ನತೊಡಗಿದ್ದರು. ನಾದಿನಿ ಫೋನ್ ಕಸಿದುಕೊಂಡು ಸ್ಪೀಕರಿಗೆ ಹಾಕಿದಳು.

"ಚಿಕ್ಕಮ್ಮ, ಒಂದು ಪರೀಕ್ಷೆ ಪಾಸು, ಅಷ್ಟೇ. ಇನ್ನೊಂದು ಬಾಕಿ ಉಂಟು. ಅದೂ ಆಗ್ತದೆ ಅಂತ ಅಮ್ಮ ಒಪ್ಪಿಕೊಂಡೇ ಬಿಟ್ಟಿದ್ದಾಳೆ."

"ಮತ್ತೆ ನೀನು?" ಎಂದರು ಚಿಕ್ಕಮ್ಮ.

"ನಾನೂ," ಎಂದಳು, ಪುಸ್ತಕ ಹುಡುಕುತ್ತಾ.